ಸಂವಹನ ಪ್ರಾಧ್ಯಾಪಕ ವೃತ್ತಿ: ಕೋಲಾರ ಸೀಮೆಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕೋದ್ಯಮದಲ್ಲಿ ಎಂ.ಎ. ಓದುತ್ತಿರುವವರು, ಮುಗಿಸಿ ನೆಟ್ (ಉಪನ್ಯಾಸಕ ಹುದ್ದೆಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಲು ಕೂತವರು, ಅತಿಥಿ ಉಪನ್ಯಾಸಕರಾಗಿ ಐದಾರು ವರ್ಷ ಸವೆಸಿ ಈಗ ಪಿಎಚ್.ಡಿ. ಕಡೆ ಕಣ್ಣು ಹಾಯಿಸಿರುವವರು ಕೇಳುವ ಪ್ರಶ್ನೆಗಳಿವು. ಇಲ್ಲಿನ ಅಂಕಿಗಳು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನೇಮಕಾತಿ ನಿಯಮಾವಳಿ ಮತ್ತು 2022ರ ಪಿಎಚ್.ಡಿ. ನಿಯಮಾವಳಿಯವು. ನೇಮಕಾತಿ ನಿಯಮ ಬದಲಿಸುವ ಕರಡು 2025ರ ಜನವರಿಯಲ್ಲಿ ಹೊರಬಿತ್ತು. ಹಾಗಾಗಿ ಅರ್ಜಿ ಹಾಕುವಾಗ ಆ ಹುದ್ದೆಯ ಅಧಿಸೂಚನೆ ಯಾವ ನಿಯಮವನ್ನು ಹೆಸರಿಸಿದೆಯೋ ಅದನ್ನೇ ಹಿಡಿಯಿರಿ.

ಮಾಧ್ಯಮ ಮತ್ತು ಅಂತರ್‌ಸಾಂಸ್ಕೃತಿಕ ಅಧ್ಯಯನ ಅಂದರೆ ಪತ್ರಿಕೋದ್ಯಮವೇ ತಾನೆ?

ಅರ್ಧ ಹೌದು. ಸುದ್ದಿ ಬರೆಯುವುದು, ತಿದ್ದುವುದು, ಪುಟ ಕಟ್ಟುವುದು ಪತ್ರಿಕೋದ್ಯಮ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಹೇಗೆ ತಲುಪಿತು, ಏಕೆ ಬೇರೆಯಾಗಿ ಅರ್ಥವಾಯಿತು ಎಂದು ಕೇಳುವುದು ಸಂವಹನ ಅಧ್ಯಯನ. ಆ ಇಬ್ಬರ ಭಾಷೆ, ರೂಢಿ, ಮರ್ಯಾದೆಯ ಲೆಕ್ಕಾಚಾರ ಬೇರೆಬೇರೆಯಾಗಿದ್ದಾಗ ಏನಾಗುತ್ತದೆ ಎಂಬುದು ಅಂತರ್‌ಸಾಂಸ್ಕೃತಿಕ ಸಂವಹನ. ಇದಕ್ಕೆ ಶಾಸ್ತ್ರದ ರೂಪ ಬಂದದ್ದು 1950ರ ದಶಕದಲ್ಲಿ, ಅಮೆರಿಕದ ರಾಜತಾಂತ್ರಿಕರಿಗೆ ತರಬೇತಿ ಕೊಡುತ್ತಿದ್ದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅವರ ಕೆಲಸದಿಂದ. ಮಾತಿಗೆ ಮುಂಚೆಯೇ ಮೌನ, ದೂರ, ಸಮಯಪಾಲನೆ ಎಲ್ಲವೂ ಮಾತಾಡುತ್ತವೆ ಎಂದು ಅವರು ತೋರಿಸಿದರು.

ನಮ್ಮ ರಾಜ್ಯದಲ್ಲಿ ಪತ್ರಿಕೋದ್ಯಮ ಬೋಧನೆ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರಿಂದ ಬೇರೂರಿತು. ಇವತ್ತಿಗೂ ಹುದ್ದೆ ಬರುವುದು ಸಾಮಾನ್ಯವಾಗಿ ‘ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ’ ಎಂಬ ಹೆಸರಿನಲ್ಲೇ. ಅಂತರ್‌ಸಾಂಸ್ಕೃತಿಕ ಅಧ್ಯಯನ ನಿಮ್ಮ ವಿಶೇಷ ಪರಿಣತಿ ಆಗಬಹುದು, ಹುದ್ದೆಯ ಹೆಸರಾಗುವ ಸಂಭವ ಕಡಿಮೆ. ವರದಿಗಾರಿಕೆ, ಮಾಧ್ಯಮ ಕಾನೂನು, ಜಾಹೀರಾತು ಇವನ್ನೂ ಪಾಠ ಮಾಡುವ ತಯಾರಿ ಇರಲೇಬೇಕು.

ಇಂಥ ಸಂಶೋಧನೆಗೆ ಬೆಂಗಳೂರಿಗೋ ವಿದೇಶಕ್ಕೋ ಹೋಗಬೇಕಲ್ಲವೆ? ಕೋಲಾರದಲ್ಲಿ ಏನಿದೆ?

ಟೊಮೆಟೊ ಸುಗ್ಗಿಯಲ್ಲಿ ಒಂದು ಬೆಳಗ್ಗೆ ಕೋಲಾರದ ಎಪಿಎಂಸಿಗೆ ಹೋಗಿ ನಿಲ್ಲಿ. 15 ಕೆ.ಜಿ.ಯ ಬಾಕ್ಸ್‌ಗಳು ಹರಾಜಾಗುತ್ತಿರುತ್ತವೆ. ಶ್ರೀನಿವಾಸಪುರದ ಕಡೆಯ ರೈತರು ತೆಲುಗಿಗೆ ಕನ್ನಡ ಬೆರೆಸಿ ಮಾತಾಡುತ್ತಾರೆ, ಉತ್ತರದಿಂದ ಬಂದ ಖರೀದಿದಾರರಿಗೆ ಹಿಂದಿ ಬೇಕು, ಲಾರಿಯವರ ಜತೆ ಅರ್ಧ ತಮಿಳು, ಹಮಾಲರ ನಡುವೆ ದಖ್ಖನಿ ಉರ್ದು. ಯಾರು ಯಾರಿಗಾಗಿ ಭಾಷೆ ಬದಲಿಸುತ್ತಾರೆ? ದರ ಬಿದ್ದ ದಿನ ಜಗಳ ಯಾವ ಭಾಷೆಯಲ್ಲಿ ಶುರುವಾಗಿ ಯಾವುದರಲ್ಲಿ ಮುಗಿಯುತ್ತದೆ? ರೇಟು ಮೊದಲು ಬರುವುದು ಮಂಡಿಯವರ ಬಾಯಿಂದಲೋ ವಾಟ್ಸ್‌ಆ್ಯಪ್ ಗುಂಪಿನಿಂದಲೋ? ಈ ಪ್ರತಿಯೊಂದೂ ಪಿಎಚ್.ಡಿ. ಅಧ್ಯಾಯವಾಗಬಲ್ಲ ಪ್ರಶ್ನೆ.

ಕೆಜಿಎಫ್‌ನಲ್ಲಿ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿ ನಂಬಿ ಬಂದ ತಮಿಳು ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಈಗ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮನೆಯ ಟಿ.ವಿ. ಒಂದು ಭಾಷೆ, ತಾಲ್ಲೂಕು ಕಚೇರಿಯ ಅರ್ಜಿ ಇನ್ನೊಂದು, ಕೆಲಸದ್ದು ಮತ್ತೊಂದು. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಬೇರೆ ರಾಜ್ಯಗಳಿಂದ ಬಂದ ಕಾರ್ಮಿಕರಿದ್ದಾರೆ. ಅಲ್ಲಿನ ಸುರಕ್ಷತಾ ಫಲಕಗಳು ಯಾವ ಭಾಷೆಯಲ್ಲಿವೆ, ಯಾರು ಓದುತ್ತಾರೆ ಎಂದು ನೋಡುವುದೇ ಒಂದು ಅಧ್ಯಯನ. ಬಾಗೇಪಲ್ಲಿ, ಗೌರಿಬಿದನೂರು, ತುಮಕೂರು ಜಿಲ್ಲೆಯ ಪಾವಗಡ ಎಲ್ಲವೂ ಆಂಧ್ರದ ಅಂಚಿನಲ್ಲಿವೆ. ಕೈವಾರದ ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ಹಾಡಿದ ಸೀಮೆ ಇದು. ಎರಡು ಭಾಷೆಯಲ್ಲಿ ಬದುಕುವುದು ಇಲ್ಲಿನವರಿಗೆ ಎಷ್ಟು ಸಹಜ ಎಂದರೆ ಅದೊಂದು ಸಂಶೋಧನಾ ಸಾಮರ್ಥ್ಯ ಎಂದು ಅವರಿಗೇ ಅನಿಸುವುದಿಲ್ಲ. ಮಹಾನಗರದ ಸಂಶೋಧಕರು ದುಭಾಷಿ ಹುಡುಕುವಲ್ಲಿ ನಿಮಗೆ ಅಜ್ಜಿ ಕಲಿಸಿದ ಭಾಷೆ ಸಾಕು.

ಕನಿಷ್ಠ ಅರ್ಹತೆ ಏನು?

ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 (ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಂಗವಿಕಲರಿಗೆ ಶೇ 50), ಜತೆಗೆ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆ-ಸೆಟ್. ಪಿಎಚ್.ಡಿ. ಕಡ್ಡಾಯವಲ್ಲ ಎಂದು 2023ರ ಜುಲೈನಲ್ಲಿ ಯುಜಿಸಿ ಸ್ಪಷ್ಟಪಡಿಸಿತು.

‘ಹಾಗಾದರೆ ಪಿಎಚ್.ಡಿ. ಏಕೆ’ ಎಂದು ಕೇಳುವವರು ಅಂಕಪಟ್ಟಿ ನೋಡಬೇಕು. ವಿಶ್ವವಿದ್ಯಾಲಯದ ಹುದ್ದೆಗೆ ಸಂದರ್ಶನಕ್ಕೆ ಕರೆಯುವ ಪಟ್ಟಿ ಸಿದ್ಧವಾಗುವಾಗ ಪಿಎಚ್.ಡಿ.ಗೆ 30 ಅಂಕ, ಜೆಆರ್‌ಎಫ್ (ಸಂಶೋಧನೆಗೆ ತಿಂಗಳ ವೇತನ ಕೊಡುವ ಫೆಲೋಶಿಪ್) ಸಹಿತ ನೆಟ್‌ಗೆ 7, ಬರೀ ನೆಟ್‌ಗೆ 5, ಸೆಟ್‌ಗೆ 3. ಪ್ರಕಟಿತ ಪ್ರಬಂಧಕ್ಕೆ ತಲಾ 2ರಂತೆ ಗರಿಷ್ಠ 10, ಬೋಧನಾ ಅನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10. ಮೂವತ್ತು ಅಂಕ ಬಿಟ್ಟುಕೊಟ್ಟು ಸ್ಪರ್ಧೆಗೆ ಇಳಿಯುವುದು ಕಷ್ಟದ ಮಾತು. ಸಹ ಪ್ರಾಧ್ಯಾಪಕ ಹುದ್ದೆಯಿಂದ ಮೇಲಕ್ಕಂತೂ ಪಿಎಚ್.ಡಿ. ಇಲ್ಲದೆ ದಾರಿಯೇ ಇಲ್ಲ.

ನೆಟ್ ಬರೆಯಬೇಕೋ ಕೆ-ಸೆಟ್ ಬರೆಯಬೇಕೋ?

ಎರಡನ್ನೂ. ಮಾದರಿ ಒಂದೇ: ಮೊದಲ ಪತ್ರಿಕೆ 50 ಪ್ರಶ್ನೆ 100 ಅಂಕ, ಎರಡನೆಯದು 100 ಪ್ರಶ್ನೆ 200 ಅಂಕ, ಒಟ್ಟು 3 ಗಂಟೆ, ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ನೆಟ್ ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ಸರದಿಯಲ್ಲಿ ಬರುತ್ತದೆ, ಅರ್ಹತೆ ದೇಶಕ್ಕೆಲ್ಲ ಸಲ್ಲುತ್ತದೆ. ಕೆ-ಸೆಟ್ಟನ್ನು 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ, ಅದು ನಮ್ಮ ರಾಜ್ಯದೊಳಗೆ ಮಾತ್ರ. ಕೆ-ಸೆಟ್‌ಗೆ ವಯೋಮಿತಿ ಇಲ್ಲ. ಜೆಆರ್‌ಎಫ್‌ಗೆ 30 ವರ್ಷ, ಮಹಿಳೆಯರಿಗೆ ಮತ್ತು ಮೀಸಲಾತಿ ವರ್ಗದವರಿಗೆ 5 ವರ್ಷ ಸಡಿಲಿಕೆ ಇದೆ. ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಅತಿಥಿ ಉಪನ್ಯಾಸಕರಾಗಿ ಎರಡು ಬಸ್ಸು ಬದಲಿಸಿ ಓಡಾಡುತ್ತ ಪಿಎಚ್.ಡಿ. ಮಾಡುವುದಕ್ಕೂ ಈ ಹಣದಲ್ಲಿ ಮಾಡುವುದಕ್ಕೂ ಅಜಗಜಾಂತರ. ಹಾಗಾಗಿ ಎಂ.ಎ. ಎರಡನೇ ವರ್ಷದಲ್ಲೇ ಮೊದಲ ಪ್ರಯತ್ನ ಮಾಡಿ.

2024ರ ಜೂನ್ ಸರದಿಯಿಂದ ನೆಟ್ ಫಲಿತಾಂಶ ಮೂರು ಬಗೆ: ಜೆಆರ್‌ಎಫ್ ಮತ್ತು ಸಹಾಯಕ ಪ್ರಾಧ್ಯಾಪಕ, ಸಹಾಯಕ ಪ್ರಾಧ್ಯಾಪಕ ಮತ್ತು ಪಿಎಚ್.ಡಿ. ಪ್ರವೇಶ, ಪಿಎಚ್.ಡಿ. ಪ್ರವೇಶ ಮಾತ್ರ. ಕೊನೆಯದನ್ನು ನೋಡಿ ‘ನೆಟ್ ಆಯಿತು’ ಎಂದು ಸಿಹಿ ಹಂಚಿದವರಿದ್ದಾರೆ. ಅದರಿಂದ ಉಪನ್ಯಾಸಕ ಹುದ್ದೆಗೆ ಅರ್ಹತೆ ಬರುವುದಿಲ್ಲ, ಪ್ರವೇಶಕ್ಕೂ ಆ ಅಂಕ ಒಂದು ವರ್ಷ ಮಾತ್ರ ಚಲಾವಣೆ.

ಓದು ಎಲ್ಲಿ ಎಡವುತ್ತದೆ?

ಮೊದಲ ಪತ್ರಿಕೆಯ ಹತ್ತು ಘಟಕಗಳಲ್ಲಿ ಒಂದು ‘ಸಂವಹನ’ವೇ, ಅದರೊಳಗೆ ಅಂತರ್‌ಸಾಂಸ್ಕೃತಿಕ ಸಂವಹನದ ಹೆಸರೂ ಇದೆ. ಘಟಕಕ್ಕೆ 5 ಪ್ರಶ್ನೆಯಂತೆ 10 ಅಂಕ ನಮ್ಮವರಿಗೆ ಮನೆಯಂಗಳದ ಬೆಳೆ. ದತ್ತಾಂಶ ವಿಶ್ಲೇಷಣೆ, ಗಣಿತದ ಘಟಕಗಳನ್ನು ಪೂರ್ತಿ ಕೈಬಿಡುವುದು ದೊಡ್ಡ ತಪ್ಪು.

ಎರಡನೇ ಪತ್ರಿಕೆಯಲ್ಲಿ ಮುಳುಗಿಸುವುದು ಹಳೆಯ ನೋಟ್ಸು. ಸೀನಿಯರುಗಳಿಂದ ಬಂದ ಜೆರಾಕ್ಸಿನಲ್ಲಿ ಮಾನನಷ್ಟ ಇನ್ನೂ ಐಪಿಸಿ 499. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 356. ಪತ್ರಿಕೆ ನೋಂದಣಿಯ 1867ರ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮಾಧ್ಯಮ ಕಾನೂನಿನ ನೋಟ್ಸನ್ನು ಹೊಸದಾಗಿ ಬರೆದುಕೊಳ್ಳಿ, ತಿದ್ದಲು ಹೋಗಬೇಡಿ.

ಪಿಎಚ್.ಡಿ.ಗೆ ಎಷ್ಟು ವರ್ಷ? ಗೈಡ್ ಸಿಗುವುದು ಹೇಗೆ?

ಕೋರ್ಸ್ ವರ್ಕ್ ಸೇರಿ ಕನಿಷ್ಠ 3, ಗರಿಷ್ಠ 6 ವರ್ಷ. ಮಹಿಳೆಯರಿಗೆ, ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇನ್ನೂ 2 ವರ್ಷ ಅವಕಾಶವಿದೆ. ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್. ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಯನ್ನಷ್ಟೇ ತೆಗೆದುಕೊಳ್ಳಬಹುದು. ಗೈಡ್ ‘ಸೀಟಿಲ್ಲ’ ಎಂದರೆ ಬಹುಪಾಲು ಅದು ನಿಜವೇ.

ತುಮಕೂರು ವಿಶ್ವವಿದ್ಯಾಲಯ 2004ರದು. ಕೋಲಾರದಲ್ಲಿ ಕೇಂದ್ರ ಕಚೇರಿ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬೆಂಗಳೂರು ವಿಶ್ವವಿದ್ಯಾಲಯ ಮೂರಾದಾಗ ಹುಟ್ಟಿದ್ದು, ಚಿಕ್ಕಬಳ್ಳಾಪುರ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಗೈಡ್ ಹುಡುಕುವಾಗ ಊರು ನೋಡಬೇಡಿ, ಅವರ ಹಿಂದಿನ ವಿದ್ಯಾರ್ಥಿಗಳ ಮಹಾಪ್ರಬಂಧ ನೋಡಿ. ಶೋಧಗಂಗಾ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಎರಡು ಪ್ರಬಂಧಗಳ ವಿಧಾನದ ಅಧ್ಯಾಯ ಓದಿದರೆ ಆ ಗೈಡ್ ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ಒಪ್ಪುವುದಿಲ್ಲ ಎಂಬುದು ತಿಳಿಯುತ್ತದೆ. ಭೇಟಿಗೆ ಹೋಗುವಾಗ ಎರಡು ಪುಟದ ಟಿಪ್ಪಣಿ ಕೈಯಲ್ಲಿರಲಿ. ‘ಸರ್, ನೀವೇ ಒಂದು ಟಾಪಿಕ್ ಕೊಡಿ’ ಎನ್ನುವುದು ಅತಿ ಕೆಟ್ಟ ಆರಂಭ.

ಸಿನಾಪ್ಸಿಸ್ (ಸಂಶೋಧನಾ ಪ್ರಸ್ತಾವ) ಏಕೆ ತಿರಸ್ಕೃತವಾಗುತ್ತದೆ?

‘ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪ್ರಭಾವ: ಕೋಲಾರ ಜಿಲ್ಲೆಯ ಒಂದು ಅಧ್ಯಯನ’. ಇಂಥ ಶೀರ್ಷಿಕೆ ಜಿಲ್ಲೆಯ ಹೆಸರು ಬದಲಾಗಿ ಎಲ್ಲ ಕಡೆ ಸುತ್ತುತ್ತಿದೆ. ಯಾವ ಯುವಜನ, ಯಾವ ತಾಣ, ಯಾವ ಪ್ರಭಾವ ಎನ್ನುವುದಕ್ಕೆ ಉತ್ತರವಿಲ್ಲ. ಮೇಲಾಗಿ ಒಮ್ಮೆ ಪ್ರಶ್ನಾವಳಿ ತುಂಬಿಸಿ ‘ಪ್ರಭಾವ’ವನ್ನು ಸಾಬೀತು ಮಾಡಲು ಬರುವುದಿಲ್ಲ, ಸಂಬಂಧವನ್ನಷ್ಟೇ ತೋರಿಸಬಹುದು. ಅದನ್ನು ‘ಶ್ರೀನಿವಾಸಪುರ ತಾಲ್ಲೂಕಿನ ಮಾವು ಬೆಳೆಗಾರರು ದರದ ಮಾಹಿತಿಗೆ ಬಳಸುವ ಕನ್ನಡ–ತೆಲುಗು ವಾಟ್ಸ್‌ಆ್ಯಪ್ ಗುಂಪುಗಳು’ ಎಂದು ಕಿರಿದು ಮಾಡಿದರೆ ಸಮಿತಿ ಕೇಳುವ ಪ್ರಶ್ನೆಗಳಲ್ಲಿ ಅರ್ಧ ತಾವಾಗಿ ಕರಗುತ್ತವೆ.

ಇನ್ನೊಂದು ಮಾಮೂಲಿ ತಪ್ಪು 384. ಶೇ 95ರ ವಿಶ್ವಾಸಮಟ್ಟ, ಶೇ 5ರ ತಪ್ಪಿನ ಅಂತರಕ್ಕೆ ಬರುವ ಮಾದರಿ ಗಾತ್ರ ಅದು, ಯಾದೃಚ್ಛಿಕವಾಗಿ ಆರಿಸಿದಾಗ ಮಾತ್ರ ಅದಕ್ಕೆ ಬೆಲೆ. ಗೆಳೆಯರ ಕಾಲೇಜಿಗೆ ಗೂಗಲ್ ಫಾರ್ಮ್ ಕಳಿಸಿ 384 ತುಂಬಿಸಿಕೊಂಡರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಇದನ್ನು ಕೇಳಿಯೇ ಕೇಳುತ್ತಾರೆ.

ಹೋಫ್‌ಸ್ಟೆಡ್‌ ಅವರ ಅಂಕಗಳನ್ನು ಬಳಸಬಹುದೇ?

ಎಚ್ಚರದಿಂದ. ದೇಶಗಳ ಸಂಸ್ಕೃತಿಯನ್ನು ಅಂಕಗಳಲ್ಲಿ ಅಳೆದ ಗೀರ್ಟ್ ಹೋಫ್‌ಸ್ಟೆಡ್‌ ಅವರ ಮೂಲ ದತ್ತಾಂಶ 1967ರಿಂದ 1973ರ ನಡುವೆ ಐಬಿಎಂ ನೌಕರರಿಂದ ಬಂದದ್ದು, ಹೋಲಿಕೆ ದೇಶ ದೇಶಗಳ ನಡುವೆ. ‘ಭಾರತದ ಅಧಿಕಾರ ಅಂತರದ (ಮೇಲಿನವರ ಅಧಿಕಾರವನ್ನು ಕೆಳಗಿನವರು ಒಪ್ಪುವ ಮಟ್ಟ) ಅಂಕ ಇಷ್ಟು, ಆದ್ದರಿಂದ ಬಂಗಾರಪೇಟೆಯ ಕಾರ್ಮಿಕ ಮೇಸ್ತ್ರಿಗೆ ಎದುರಾಡುವುದಿಲ್ಲ’ ಎಂದು ಬರೆಯುವುದು ದೇಶದ ಸರಾಸರಿಯನ್ನು ವ್ಯಕ್ತಿಯ ಹಣೆಗೆ ಅಂಟಿಸಿದಂತೆ. ಒಂದೇ ತಾಲ್ಲೂಕಿನ ಎರಡು ಸಮುದಾಯಗಳನ್ನು ಹೋಲಿಸಲು ಆ ಅಂಕ ಏನೂ ಹೇಳದು.

ಎರಡು ಮೂರು ಭಾಷೆಯ ಕ್ಷೇತ್ರಕಾರ್ಯ ಹೇಗೆ ಮಾಡುವುದು?

ಪ್ರಶ್ನಾವಳಿಯನ್ನು ಕನ್ನಡದಲ್ಲಿ ಸಿದ್ಧಮಾಡಿ. ಒಬ್ಬರು ಅದನ್ನು ತೆಲುಗಿಗೆ ತಿರುಗಿಸಲಿ, ಮೂಲವನ್ನು ನೋಡದ ಇನ್ನೊಬ್ಬರು ತೆಲುಗಿನಿಂದ ಮತ್ತೆ ಕನ್ನಡಕ್ಕೆ ತರಲಿ. ಎರಡು ಕನ್ನಡ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ಎಲ್ಲಿ ಬೇರೆಯಾಯಿತೋ ಅಲ್ಲಿ ತಿದ್ದಿ. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಮುಂದಿಟ್ಟ ಈ ಮರುಅನುವಾದ ಕ್ರಮವನ್ನು ಪರೀಕ್ಷಕರು ಈಗಲೂ ನಿರೀಕ್ಷಿಸುತ್ತಾರೆ. ಬಳಿಕ ಹತ್ತು ಜನರ ಮೇಲೆ ಪರೀಕ್ಷಿಸಿ. ಮೂವರು ‘ಅಂದರೆ ಏನು?’ ಎಂದ ಪ್ರಶ್ನೆಯನ್ನು ಬದಲಿಸಲೇಬೇಕು.

ಇಲ್ಲಿನ ತೆಲುಗಿಗೆ ಎರಡು ಸೂಕ್ಷ್ಮಗಳಿವೆ. ಅದು ಪಠ್ಯಪುಸ್ತಕದ ತೆಲುಗಲ್ಲ. ಹೈದರಾಬಾದಿನ ಅನುವಾದಕರು ಅದನ್ನು ‘ಸರಿ’ ಮಾಡಿಕೊಟ್ಟರೆ ಮುಳಬಾಗಿಲಿನವರಿಗೆ ಪರಭಾಷೆ ಓದಿದಂತಾಗುತ್ತದೆ. ಜತೆಗೆ ಮನೆಯಲ್ಲಿ ತೆಲುಗು ಆಡುವ ಬಹಳ ಜನಕ್ಕೆ ತೆಲುಗು ಲಿಪಿ ಬಾರದು, ಓದಿದ್ದು ಕನ್ನಡ ಶಾಲೆಯಲ್ಲಿ. ಆದ್ದರಿಂದ ತೆಲುಗು ಪ್ರಶ್ನಾವಳಿಯನ್ನು ಕನ್ನಡ ಲಿಪಿಯಲ್ಲೂ ಅಚ್ಚು ಹಾಕಿಸಿ.

ಒಪ್ಪಿಗೆ ಪತ್ರ ಒಂದು ಪುಟ ಮೀರಬಾರದು: ಯಾರು ಕೇಳುತ್ತಿದ್ದಾರೆ, ಏಕೆ, ಎಷ್ಟು ಹೊತ್ತು, ಹೆಸರು ಬರುತ್ತದೋ ಇಲ್ಲವೋ, ನಡುವೆ ಎದ್ದು ಹೋಗಬಹುದೋ. ಸಹಿ ಮಾಡಲು ಅಂಜುವವರಿದ್ದಾರೆ. ಬಿಳಿ ಹಾಳೆಗೆ ಸಹಿ ಅಂದರೆ ಸಾಲವೋ ಜಮೀನೋ ಎಂಬ ಭಯ. ಅಂಥಲ್ಲಿ ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಿಸಿಕೊಳ್ಳಿ. ಮಂಡಿಯಲ್ಲಿ ಹರಾಜು ನಡೆಯುವಾಗ ಯಾರನ್ನೂ ಮಾತಿಗೆ ಎಳೆಯಬೇಡಿ, ಮಾರಾಟದ ಪಟ್ಟಿ ಕೈಗೆ ಬಂದು ಟೀ ಅಂಗಡಿಗೆ ಬಂದ ಮೇಲೆ ಕೇಳಿ.

ಸಮಯದ ಅಂದಾಜಿನಲ್ಲಿ ಎಲ್ಲರೂ ಸೋಲುತ್ತಾರೆ. ಒಂದು ಗಂಟೆಯ ಧ್ವನಿಮುದ್ರಣ ಬರೆದಿಳಿಸಲು 4ರಿಂದ 6 ಗಂಟೆ ಬೇಕು. 45 ನಿಮಿಷದ 30 ಸಂದರ್ಶನ ಅಂದರೆ 90ರಿಂದ 135 ಗಂಟೆ, ಭಾಷೆ ಬೆರೆತಿದ್ದರೆ ಇನ್ನೂ ಹೆಚ್ಚು. ವಾರಕ್ಕೆ ಎರಡರಂತೆ ಸಂದರ್ಶನ ಮಾಡಿ ಆ ವಾರವೇ ಬರೆದಿಳಿಸಿ. ಮೂವತ್ತನ್ನೂ ಮುಗಿಸಿ ಆಮೇಲೆ ಕೂತವರು ಆರು ತಿಂಗಳು ಏಳುವುದಿಲ್ಲ.

ಸ್ಥಳೀಯ ಪತ್ರಿಕೆಗಳ ವಿಷಯ ವಿಶ್ಲೇಷಣೆ ಮಾಡುವಾಗ ಎಷ್ಟು ಸಂಚಿಕೆ ಬೇಕು?

ಒಂದು ವರ್ಷದ ದಿನಪತ್ರಿಕೆಗೆ ಎರಡು ‘ಕಟ್ಟಿದ ವಾರ’ ಸಾಕು ಎಂದು 1993ರ ಅಧ್ಯಯನವೊಂದು ತೋರಿಸಿದೆ. ವರ್ಷದ ಎಲ್ಲ ಸೋಮವಾರಗಳಿಂದ ಚೀಟಿ ಎತ್ತಿ ಎರಡು, ಮಂಗಳವಾರಗಳಿಂದ ಎರಡು, ಹೀಗೆ 14 ಸಂಚಿಕೆ. ಸತತ ಎರಡು ವಾರ ತೆಗೆದುಕೊಂಡರೆ ಚುನಾವಣೆಯೋ ಜಾತ್ರೆಯೋ ಇಡೀ ಫಲಿತಾಂಶವನ್ನು ಎಳೆದುಬಿಡುತ್ತದೆ.

ಇಬ್ಬರು ಪ್ರತ್ಯೇಕವಾಗಿ ಕೋಡಿಂಗ್ (ಪ್ರತಿ ಸುದ್ದಿಯನ್ನೂ ಒಂದು ವರ್ಗಕ್ಕೆ ಸೇರಿಸುವುದು) ಮಾಡಬೇಕು. ಕನಿಷ್ಠ ಶೇ 10ರಷ್ಟು ಸುದ್ದಿಗಳನ್ನು ಇಬ್ಬರೂ ನೋಡಿ ಕ್ರಿಪೆಂಡಾರ್ಫ್ ಆಲ್ಫಾ (ಇಬ್ಬರ ಕೋಡಿಂಗ್ ಎಷ್ಟು ಹೊಂದುತ್ತದೆ ಎಂಬ ಅಳತೆ) ಲೆಕ್ಕ ಹಾಕಿ. 0.80 ಮೇಲಿದ್ದರೆ ನಿಶ್ಚಿಂತೆ, 0.667ಕ್ಕಿಂತ ಕೆಳಗಿದ್ದರೆ ಆ ವರ್ಗವನ್ನೇ ಕೈಬಿಡಿ. ಈ ಅಂಕ ಕುಸಿಯುವುದಕ್ಕೆ ಸಾಮಾನ್ಯ ಕಾರಣ ‘ಅಭಿವೃದ್ಧಿ ಸುದ್ದಿ’, ‘ರಾಜಕೀಯ ಸುದ್ದಿ’ ಎಂಬ ವರ್ಗಗಳು ಒಂದರ ಮೇಲೊಂದು ಬೀಳುವುದು. ಶಾಸಕರು ರಸ್ತೆಗೆ ಗುದ್ದಲಿ ಪೂಜೆ ಮಾಡಿದ ಸುದ್ದಿ ಯಾವುದಕ್ಕೆ? ಅದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ತುಮಕೂರಿನ ‘ಪ್ರಜಾಪ್ರಗತಿ’ಯಂಥ ಜಿಲ್ಲಾ ಪತ್ರಿಕೆಗಳ ಹಳೆಯ ಸಂಚಿಕೆ ಬೇಕಾದರೆ ಮೊದಲು ಪತ್ರಿಕಾ ಕಚೇರಿ, ಜಿಲ್ಲಾ ಗ್ರಂಥಾಲಯಗಳಲ್ಲಿ ವಿಚಾರಿಸಿ. ಕಡತದ ಪುಟಗಳ ಫೋಟೊ ತೆಗೆಯಲು ಅನುಮತಿ ಪತ್ರ ಒಯ್ಯಿರಿ. ಪಿಡಿಎಫ್ ಸಿಕ್ಕರೂ ಒಂದು ತೊಡಕು: ನುಡಿಯಂಥ ಹಳೆಯ ಫಾಂಟಿನಲ್ಲಿದ್ದರೆ ಕಾಪಿ ಮಾಡಿದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸದೆ ಪದ ಹುಡುಕಲಾಗದು, ಎಣಿಸಲಾಗದು. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪಿವೆಯೇ ನೋಡಿ. ನಿಮ್ಮ ಮಹಾಪ್ರಬಂಧವನ್ನೂ ಮೊದಲ ಪುಟದಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ.

ಕೃತಿಚೌರ್ಯ ಶೇಕಡಾ ಎಷ್ಟಿರಬಹುದು?

2018ರ ಯುಜಿಸಿ ನಿಯಮದಂತೆ ಶೇ 10ರವರೆಗೆ ದಂಡನೆಯಿಲ್ಲ. 10ರಿಂದ 40 ಆದರೆ 6 ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು, 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಕನ್ನಡ ಪಠ್ಯವನ್ನು ತಂತ್ರಾಂಶ ಹಿಡಿಯುವುದು ಕಡಿಮೆ ಎಂಬ ಧೈರ್ಯ ಬೇಡ. ವಿಷಯ ಬಲ್ಲ ಪರೀಕ್ಷಕರಿಗೆ ಎರಡನೇ ಪುಟದಲ್ಲೇ ಗೊತ್ತಾಗುತ್ತದೆ.

ಪ್ರಬಂಧ ಎಲ್ಲಿ ಪ್ರಕಟಿಸಬೇಕು? ಕೇರ್ ಪಟ್ಟಿ ಇದೆಯಲ್ಲ?

ಇತ್ತು. ಒಪ್ಪಿತ ಸಂಶೋಧನಾ ಪತ್ರಿಕೆಗಳ ಆ ಪಟ್ಟಿಯನ್ನು ಯುಜಿಸಿ ಕೈಬಿಟ್ಟು 2025ರ ಫೆಬ್ರವರಿಯಲ್ಲಿ ಪ್ರಕಟಣೆ ಹೊರಡಿಸಿತು. ಈಗ ಗುಣಮಟ್ಟ ತೂಗುವ ಹೊಣೆ ಸಂಸ್ಥೆಗಳದ್ದು. ಹಾಗಾಗಿ ಸುಲಿಗೆ ಪತ್ರಿಕೆಗಳಿಗೆ ಸುಗ್ಗಿ. ಮೂರು ದಿನದಲ್ಲಿ ‘ಸ್ವೀಕೃತ’, ಫೋನ್ ನಂಬರಿಗೆ ಹಣ, ಒಂದೇ ಸಂಚಿಕೆಯಲ್ಲಿ ಮೀನುಗಾರಿಕೆ, ಮಹಾಭಾರತ, ಮೆಷಿನ್ ಲರ್ನಿಂಗ್ ಕಂಡರೆ ದೂರ ಇರಿ. ಐಎಸ್‌ಎಸ್‌ಎನ್ ಸಂಖ್ಯೆ ಗುಣಮಟ್ಟದ ಮುದ್ರೆಯಲ್ಲ, ಗುರುತಿನ ಸಂಖ್ಯೆಯಷ್ಟೆ. ಹಾಗೆಂದು 2022ರ ನಿಯಮದಲ್ಲಿ ಪಿಎಚ್.ಡಿ. ಸಲ್ಲಿಕೆಗೆ ಪ್ರಕಟಣೆ ಕಡ್ಡಾಯವಿಲ್ಲ, ನಿಮ್ಮ ವಿಶ್ವವಿದ್ಯಾಲಯ ಬೇರೆ ಷರತ್ತು ಹಾಕಿದೆಯೇ ನೋಡಿಕೊಳ್ಳಿ.

ಬಡ್ತಿಯ ಸಂಶೋಧನಾ ಅಂಕದಲ್ಲಿ ಒಂದು ಪ್ರಬಂಧಕ್ಕೆ 10. ಇಬ್ಬರು ಬರೆದರೆ ತಲಾ ಶೇ 70. ಹೆಚ್ಚು ಜನ ಗಮನಿಸದ ಸಾಲೊಂದಿದೆ: ಅನುವಾದಕ್ಕೂ ಅಂಕವುಂಟು, ಪುಸ್ತಕಕ್ಕೆ 8, ಅಧ್ಯಾಯ ಅಥವಾ ಪ್ರಬಂಧಕ್ಕೆ 3. ಗಡಿನಾಡಿನ ದ್ವಿಭಾಷಿಗಳು ಇದನ್ನು ಬಿಡಬಾರದು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಆಗುತ್ತದೆಯೇ?

ಆಗುತ್ತದೆ. ಆದರೆ ನೆಟ್ ಪತ್ರಿಕೆ ಕನ್ನಡದಲ್ಲಿ ಬರುವುದಿಲ್ಲ, ಸಿದ್ಧಾಂತದ ಓದಿನಲ್ಲಿ ಬಹುಪಾಲು ಇಂಗ್ಲಿಷ್‌ನದೇ. ದಿನಕ್ಕೆ ಐದು ಪುಟ ಇಂಗ್ಲಿಷ್ ಪ್ರಬಂಧ ಓದಿ ಅದರ ಸಾರವನ್ನು ಕನ್ನಡದಲ್ಲಿ ಹತ್ತು ಸಾಲು ಬರೆಯುವ ಅಭ್ಯಾಸ ಒಂದೇಟಿಗೆ ಎರಡು ಹಕ್ಕಿ: ಇಂಗ್ಲಿಷ್ ಹಿಡಿತಕ್ಕೆ ಬರುತ್ತದೆ, ಮುಂದೆ ಪಾಠ ಹೇಳಲು ಕನ್ನಡ ಪದಗಳೂ ಕೂಡುತ್ತವೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಇಂಗ್ಲಿಷ್, ಕನ್ನಡ ಎರಡರಲ್ಲೂ ಪತ್ರಿಕೆ ನಡೆಸಿದವರು. ಈ ನೆಲಕ್ಕೆ ಅದೇನೂ ಹೊಸದಲ್ಲ.

ಸಮುದಾಯ ರೇಡಿಯೊ ಅನುಭವ ಕೆಲಸಕ್ಕೆ ಬರುತ್ತದೆಯೇ?

ಬೋಧನೆಗೆ ತುಂಬ. ತುಮಕೂರಿನಲ್ಲಿ ರೇಡಿಯೊ ಸಿದ್ಧಾರ್ಥ 90.8 ಇದೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ‘ನಮ್ಮ ಧ್ವನಿ’ಯನ್ನು ದೇಶದ ಅಭಿವೃದ್ಧಿ ಸಂವಹನದ ಪಾಠಗಳಲ್ಲಿ ಹೆಸರಿಸುತ್ತಾರೆ. ಆಗಿನ ನಿಯಮ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಪರವಾನಗಿ ಕೊಡುತ್ತಿತ್ತು. ಹಾಗಾಗಿ 2003ರಲ್ಲಿ ಹಳ್ಳಿಯವರು ಪ್ರಸಾರದ ಬದಲು ಕೇಬಲ್ ಮೂಲಕ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ದಾರಿ ತೆರೆದದ್ದು 2006ರಲ್ಲಿ. ನೀತಿ ಅಡ್ಡ ಬಂದಾಗ ಜನ ತಂತ್ರಜ್ಞಾನವನ್ನು ಹೇಗೆ ಬಗ್ಗಿಸಿಕೊಳ್ಳುತ್ತಾರೆ ಎಂದು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಸಂಬಳ, ಬಡ್ತಿ ಹೇಗೆ?

ಯುಜಿಸಿ ವೇತನದಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700, ಸಹ ಪ್ರಾಧ್ಯಾಪಕರದು 1,31,400, ಪ್ರಾಧ್ಯಾಪಕರದು 1,44,200 ರೂಪಾಯಿ. ಭತ್ಯೆಗಳು ಬೇರೆ. ಮೊದಲ ಬಡ್ತಿಗೆ ಪಿಎಚ್.ಡಿ. ಇದ್ದರೆ 4 ವರ್ಷ, ಇಲ್ಲದಿದ್ದರೆ 6. ನಂತರ 5, 3, 3 ವರ್ಷಗಳ ಮೆಟ್ಟಿಲು. ನೇರ ನೇಮಕದಲ್ಲಿ ಸಹ ಪ್ರಾಧ್ಯಾಪಕರಿಗೆ 8 ವರ್ಷದ ಅನುಭವ, 7 ಪ್ರಕಟಣೆ, 75 ಸಂಶೋಧನಾ ಅಂಕ. ಪ್ರಾಧ್ಯಾಪಕರಿಗೆ 10 ವರ್ಷ, 10 ಪ್ರಕಟಣೆ, 120 ಅಂಕ. ಪಾಠದ ಹೊರೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಉಳಿದವರಿಗೆ 14.

ಅತಿಥಿ ಉಪನ್ಯಾಸಕನಾಗಿ ಮಾಡಿದ ವರ್ಷಗಳು ಲೆಕ್ಕಕ್ಕೆ ಬರುತ್ತವೆಯೇ?

ಸಹ ಪ್ರಾಧ್ಯಾಪಕ ಹುದ್ದೆಗೆ ಬೇಕಾದ 8 ವರ್ಷದಲ್ಲಿ ಬಹುತೇಕ ಬರುವುದಿಲ್ಲ. ಆಯ್ಕೆ ಸಮಿತಿಯ ಮೂಲಕ ನೇಮಕವಾಗಿರಬೇಕು, ಒಟ್ಟು ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರ ಸಂಬಳಕ್ಕಿಂತ ಕಡಿಮೆ ಇರಬಾರದು ಎಂಬ ಷರತ್ತಿದೆ. ಗೌರವಧನ ಪಡೆಯುವವರು ಇಲ್ಲೇ ಸೋಲುತ್ತಾರೆ. ಅನ್ಯಾಯ ಎನಿಸುವುದು ಸಹಜ, ಆದರೆ ತಿಳಿದಿದ್ದರೆ ಯೋಜನೆ ಹಾಕಬಹುದು. ಹಾಗೆಂದು ದಾಖಲೆ ಬಿಡಬೇಡಿ. ಪ್ರತಿ ವರ್ಷ ಕಾಲೇಜು ಬಿಡುವ ದಿನವೇ ಆರಂಭ ಮತ್ತು ಅಂತ್ಯದ ದಿನಾಂಕ, ವಾರದ ಗಂಟೆ, ಬೋಧಿಸಿದ ಪತ್ರಿಕೆಗಳ ಹೆಸರಿರುವ ಸೇವಾ ಪ್ರಮಾಣಪತ್ರ ಪಡೆಯಿರಿ. ಪ್ರಾಂಶುಪಾಲರು ವರ್ಗವಾಗಿ ಹೋದ ಮೇಲೆ ಹಳೆಯ ವರ್ಷದ್ದಕ್ಕೆ ಸಹಿ ಹಾಕಿಸಿಕೊಳ್ಳಲು ಅಲೆದಾಡುವುದು ತಪ್ಪುತ್ತದೆ.

ಸಂದರ್ಶನದ ಧ್ವನಿಕಡತಗಳನ್ನು ಏನು ಮಾಡಬೇಕು?

ಪದವಿ ಪ್ರದಾನವಾದ ಮೇಲೂ ಐದು ವರ್ಷ ಇಡಿ, ಪ್ರಬಂಧ ತಿದ್ದುವಾಗಲೋ ಆಕ್ಷೇಪ ಬಂದಾಗಲೋ ಬೇಕಾಗುತ್ತವೆ. ಎರಡು ಪ್ರತಿ ಇರಲಿ, ಒಂದು ಮನೆಯ ಹೊರಗೆ. ಕಡತದ ಹೆಸರಲ್ಲಿ ವ್ಯಕ್ತಿಯ ಹೆಸರು ಬೇಡ, ಸಂಕೇತ ಕೊಡಿ. ಸಂಕೇತ ಮತ್ತು ಹೆಸರಿನ ಪಟ್ಟಿ ಬೇರೆ ಪುಸ್ತಕದಲ್ಲಿ, ಕೈಬರಹದಲ್ಲಿ ಇರಲಿ. ಫೋನು ರಿಪೇರಿಗೆ ಕೊಡುವ ಮೊದಲು ಅದರಲ್ಲಿರುವುದನ್ನೆಲ್ಲ ಅಳಿಸಿ.